ಮೇಸ್ತ್ರಿ ಅಕ್ಕನ ಖಾಲಿ ಶೀಟು

ಹೋದ ವಾರ ಒಂದು ಮಧ್ಯಾಹ್ನ ಹೆಂಗಸೊಬ್ಬರು ಬದಿಯ ಕಬ್ಬಿಣದ ಕಂಬಿ ಹಿಡಿದುಕೊಂಡು ನನ್ನ ಔಷಧಿ ಅಂಗಡಿಯ ಮೂರು ಮೆಟ್ಟಿಲು ಹತ್ತಿ ಬಂದರು. ಸೆರಗಿನ ತುದಿಯ ಗಂಟು ಬಿಚ್ಚಿ ಮಾತ್ರೆಯ ಖಾಲಿ ಶೀಟೊಂದನ್ನು ಕೌಂಟರಿನ ಮೇಲಿಟ್ಟು "ಇದೇ ಕೊಡಿ" ಅಂದರು. ಕೈಗೆತ್ತಿಕೊಂಡೆ. ಶೀಟು ಬೆರಳಿಗೆ ಅಂಟಿತು. ಹಸಿ ಹೊಗೆಸೊಪ್ಪಿನ ಕಪ್ಪು ಜಿಗುಟು, ಅದರ ಕಟುವಾದ ವಾಸನೆ... ಶೀಟು ಕೈಯಲ್ಲಿ ಹಿಡಿದು ನಾನು ಹಾಗೇ ನಿಂತುಬಿಟ್ಟೆ. ಅದು ಬಿ.ಪಿ. ಮಾತ್ರೆಯ ಶೀಟು, ನನ್ನ ಮನಸ್ಸಿಗೆ ಬಂದ ಮಾತ್ರೆಯದಲ್ಲ. ಆದರೂ ವಾಸನೆ ಅದೇ ಆಗಿತ್ತು.

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯ ಬದಿಯ ಊರು ನಮ್ಮದು. ಇಲ್ಲಿ ಬರೀ ಸೊಪ್ಪು ಅಂದರೆ ಹೊಗೆಸೊಪ್ಪು ಅಂತಲೇ ಅರ್ಥ. ಆಷಾಢ ಕಳೆಯಿತೆಂದರೆ ಹೊಲದಲ್ಲಿ ಎಲೆ ಮುರಿಯುವುದು, ಬ್ಯಾರನ್ನಿನ ಮುಂದೆ ಹಾಕಿ ದಾರದಲ್ಲಿ ಕಡ್ಡಿಗೆ ಕಟ್ಟುವುದು, ಕಟ್ಟಿದ ಕಡ್ಡಿಗಳನ್ನು ಒಳಗೆ ಅಟ್ಟ ಅಟ್ಟವಾಗಿ ನೇತುಹಾಕಿ ಬೇಯಿಸುವುದು. ಬ್ಯಾರನ್ನು ಅಂದರೆ ಸೊಪ್ಪು ಹದ ಮಾಡುವ ಎತ್ತರದ ಗೂಡು. ಆ ತಿಂಗಳುಗಳಲ್ಲಿ ನನ್ನ ಅಂಗಡಿಗೆ ಬರುವ ಯಾರ ಕೈಯೂ ಬೆಳ್ಳಗಿರುವುದಿಲ್ಲ. ಅವರು ತರುವ ನೋಟು, ಚೀಟಿ, ಶೀಟು ಎಲ್ಲಕ್ಕೂ ಆ ಜಿಗುಟು ಮೆತ್ತಿರುತ್ತದೆ.

ಮೇಸ್ತ್ರಿ ಅಕ್ಕ ಎಂದು ನಾವೆಲ್ಲ ಕರೆಯುತ್ತಿದ್ದ ಹೆಂಗಸು ಸೊಪ್ಪು ಕಟ್ಟುವ ಗುಂಪಿನ ಮುಂದಾಳು. ಹನ್ನೆರಡು ಹೆಂಗಸರನ್ನು ಕಟ್ಟಿಕೊಂಡು ಒಂದು ಬ್ಯಾರನ್ನಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದಳು. ದಾರ ಅವಳ ಬೆರಳಲ್ಲಿ ಓಡುವುದನ್ನು ನೋಡಬೇಕಿತ್ತು. ಎರಡೆರಡೇ ಎಲೆ ಜೋಡಿಸಿ ಈ ಕಡೆ ಒಂದು ಸುತ್ತು, ಆ ಕಡೆ ಒಂದು ಸುತ್ತು, ಬಾಯಿ ಮಾತ್ರ ಇನ್ನಾರನ್ನೋ ಕಿಚಾಯಿಸುತ್ತಿರುತ್ತಿತ್ತು. ಕಟ್ಟಿ ಮುಗಿದ ಕಡ್ಡಿಗಳನ್ನು ಅಟ್ಟದ ಮೇಲೆ ನಿಂತ ಗಂಡಸರಿಗೆ ಕೆಳಗಿನಿಂದ ಎತ್ತಿಕೊಡುವುದು ಸಾಮಾನ್ಯವಾಗಿ ಗಂಡಾಳಿನ ಕೆಲಸ. ಅದನ್ನೂ ಅವಳೇ ಮಾಡುತ್ತಿದ್ದಳು. ಹಸಿ ಸೊಪ್ಪಿನ ಕಡ್ಡಿ ಭಾರವಾಗಿರುತ್ತದೆ. ತಲೆಯ ಮೇಲಕ್ಕೆ ಎರಡೂ ಕೈ ನೀಡಿ ಒಂದರ ಹಿಂದೆ ಒಂದು ಕೊಡುತ್ತ, "ಬೇಗ ಇಸ್ಕಳ್ರೋ, ನಿದ್ದೆ ಮಾಡ್ತಾ ಇದೀರಾ ಮೇಲೆ?" ಅಂತ ಗದರುತ್ತಿದ್ದಳು.

ಅವಳ ಬೆರಳುಗಳಿಗೆ ಊತ ಬಂತು. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು, ದಾರ ಹಿಡಿಯಲಾಗದು. ಆಗ ಮೈಸೂರಿನಿಂದ ಮೂಳೆ ಡಾಕ್ಟರೊಬ್ಬರು ಭಾನುವಾರಗಳಲ್ಲಿ ಹುಣಸೂರಿಗೆ ಬರುತ್ತಿದ್ದರು. ಅವರು ನೋಡಿ ಬರೆದ ಚೀಟಿ ಹಿಡಿದು ಅಕ್ಕ ನನ್ನ ಅಂಗಡಿಗೆ ಬಂದಳು. ಚೀಟಿಯಲ್ಲಿದ್ದದ್ದು ಹೈಡ್ರಾಕ್ಸಿಕ್ಲೋರೊಕ್ವಿನ್. ಇದು ಮೂಲತಃ ಮಲೇರಿಯಾಕ್ಕೆ ಕೊಡುವ ಮಾತ್ರೆ, ಕೀಲಿನ ಬೇನೆಗೂ ಕೊಡುತ್ತಾರೆ ಎಂದು ನಾನು ದೊಡ್ಡ ತಿಳಿದವನ ಹಾಗೆ ವಿವರಿಸಿದೆ. ಅಕ್ಕ ನಕ್ಕಳು. "ಸೊಳ್ಳೆ ಕಚ್ಚದೇನೇ ಮಲೇರಿಯಾ ಮಾತ್ರೆ ತಿನ್ನೋಳು ಈ ಸೀಮೇಲಿ ನಾನೊಬ್ಳೇ ಇರ್ಬೇಕು ಕಣ್ ತಮ್ಮ" ಅಂದಳು.

ಚೀಟಿಯ ಕೆಳಗೆ ಡಾಕ್ಟರು ಎರಡು ಸಾಲು ಬರೆದಿದ್ದರು. ಮೂರು ತಿಂಗಳಿಗೆ ಮಾತ್ರ. ಈ ಮಾತ್ರೆ ಕಣ್ಣಿಗೆ ತೊಂದರೆ ಮಾಡಬಹುದಾದ್ದರಿಂದ ಕಣ್ಣು ಪರೀಕ್ಷೆ ಮಾಡಿಸಿ ಮತ್ತೆ ಬಂದು ತೋರಿಸಬೇಕು. ಆ ಸಾಲುಗಳನ್ನು ನಾನು ಓದಿದೆ, ಅಕ್ಕನಿಗೂ ಓದಿ ಹೇಳಿದೆ. ಅದನ್ನು ನೋಡಲೇ ಇಲ್ಲ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ.

ಮಾತ್ರೆ ಕೆಲಸ ಮಾಡಿತು. ಎರಡು ಮೂರು ತಿಂಗಳಲ್ಲಿ ಊತ ಇಳಿದು ಬೆರಳುಗಳು ಸಡಿಲವಾದವು. ಆದರೆ ಅಷ್ಟರಲ್ಲಿ ಡಾಕ್ಟರು ಹುಣಸೂರಿಗೆ ಬರುವುದು ನಿಂತುಹೋಗಿತ್ತು. ಮೈಸೂರಿಗೇ ಹೋಗಬೇಕೆಂದರೆ ಸೊಪ್ಪಿನ ಕಾಲ, ಅವಳು ಒಂದು ದಿನ ಹೊರಟರೆ ಹನ್ನೆರಡು ಜನರ ಕೆಲಸ ಏರುಪೇರು. "ಏನ್ ಮಾಡ್ಲಿ ತಮ್ಮಾ?" ಅಂತ ಅಂಗಡಿಯ ಮುಂದೆ ನಿಂತು ಕೇಳಿದಳು. ನಾನು ಕತ್ತರಿ ತೆಗೆದುಕೊಂಡು ಹೊಸ ಶೀಟು ಕತ್ತರಿಸುತ್ತಲೇ ಹೇಳಿದೆ: "ಇರ್ಲಿ ಬುಡಕ್ಕ, ಅದೇ ಮಾತ್ರೆ ತಾನೆ. ಮುಂದಿನ ಸಲದಿಂದ ಚೀಟಿನೂ ಬ್ಯಾಡ, ಖಾಲಿ ಶೀಟು ತಂದ್ರೆ ಸಾಕು."

ನಮ್ಮ ಕಡೆ ಇದು ದೊಡ್ಡ ವಿಷಯವೇನಲ್ಲ. ಡಾಕ್ಟರ ಚೀಟಿ ಮಳೆಯಲ್ಲಿ ನೆನೆಯುತ್ತದೆ, ಹರಿಯುತ್ತದೆ, ಕಳೆಯುತ್ತದೆ. ಶೀಟು ಹಾಗಲ್ಲ. ಹೆಸರು ಅಚ್ಚಾಗಿರುವ ಕಡೆ ಕತ್ತರಿಸಿ ಸೆರಗಿಗೋ ಎಲೆಅಡಿಕೆ ಚೀಲಕ್ಕೋ ಹಾಕಿಕೊಂಡರೆ ವರ್ಷಗಟ್ಟಲೆ ನಡೆಯುತ್ತದೆ. ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ, "ಹೆಸರಿರೋ ತುಂಡು ಬಿಸಾಕ್ಬೇಡಿ" ಅಂತ. ಆಗೆಲ್ಲ ಜನ ನನ್ನನ್ನು ಡಾಕ್ಟ್ರೇ ಅನ್ನುತ್ತಿದ್ದರು. ನಾನು ಎರಡು ವರ್ಷ ಡಿ.ಫಾರ್ಮಾ ಓದಿದವನು, ಅಷ್ಟೇ. ಒಬ್ಬರನ್ನೂ ತಿದ್ದಲಿಲ್ಲ.

ಹೀಗೆ ಐದಾರು ವರ್ಷ. ತಿಂಗಳಿಗೊಮ್ಮೆ ಅಕ್ಕ ಬರುವಳು, ಜಿಗುಟಾದ ಶೀಟಿನ ತುಂಡು ಇಡುವಳು, ನಾನು ಕೊಡುವೆನು. ಕಣ್ಣು ಪರೀಕ್ಷೆಯ ಮಾತು ಅವಳೂ ಮರೆತಳು, ನಾನೂ ಮರೆತೆ. ಇಲ್ಲ, ನಾನು ಮರೆಯಲಿಲ್ಲ. ಒಮ್ಮೊಮ್ಮೆ ನೆನಪಾಗುತ್ತಿತ್ತು. ಮುಂದಿನ ತಿಂಗಳು ಹೇಳೋಣ ಅಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಇನ್ನಾರಾದರೂ ಕರೆಯುತ್ತಿದ್ದರು.

ಮೊದಲು ತೊಂದರೆ ಕಾಣಿಸಿದ್ದು ಈ ಮೂರು ಮೆಟ್ಟಿಲಲ್ಲಿ. ರಸ್ತೆ ಬದಿಯ ಚರಂಡಿಯ ಕಾರಣಕ್ಕೆ ನನ್ನ ಅಂಗಡಿಯನ್ನು ಎತ್ತರಿಸಿ ಕಟ್ಟಿದ್ದೇನೆ. ದಡದಡ ಹತ್ತಿ ಬರುತ್ತಿದ್ದ ಅಕ್ಕ ಒಂದು ದಿನ ಮಂಡಿಯ ಮೇಲೆ ಕೈ ಊರಿ, ತನ್ನ ಕಾಲನ್ನು ತಾನೇ ಎತ್ತಿಡುವವಳ ಹಾಗೆ ಒಂದೊಂದೇ ಮೆಟ್ಟಿಲು ಹತ್ತಿದಳು. "ಏನಕ್ಕ, ಮುದುಕಿ ಆಗ್ಬುಟ್ಟ್ಯಾ?" ಅಂತ ನಾನು ಛೇಡಿಸಿದೆ. ಅವಳೂ ನಕ್ಕಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ನೋವಲ್ಲ ಕಣ್ ತಮ್ಮ. ನೋವಾಗಿದ್ರೆ ತಡ್ಕಬೋದಿತ್ತು. ಕೂತ್ರೆ ಏಳಕ್ಕೆ ಆಯ್ತಿಲ್ಲ. ತೊಡೇಲಿ ಬಲವೇ ಇಲ್ಲ."

ನೋವಲ್ಲ, ಬಲ ಇಲ್ಲ. ಇಷ್ಟು ಸ್ಪಷ್ಟವಾಗಿ ಯಾವ ರೋಗಿಯೂ ಹೇಳಲಾರ. ನಾನು ಅವಳಿಗೆ ನೋವಿನ ಮುಲಾಮು ಕೊಟ್ಟೆ, ಜೊತೆಗೆ ಕ್ಯಾಲ್ಸಿಯಂ ಮಾತ್ರೆ. ಮುಂದಿನ ಸಲ ಬಂದಾಗ ಟಾನಿಕ್ಕು. ಅದರ ಮುಂದಿನ ಸಲ ಇನ್ನೂ ಒಳ್ಳೆಯ ಕಂಪನಿಯ ಟಾನಿಕ್ಕು. ಪ್ರತಿಸಲವೂ ಇವುಗಳ ಜೊತೆಗೆ ಕೀಲುಬೇನೆಯ ಆ ಬಿಳಿ ಮಾತ್ರೆಯ ಶೀಟನ್ನೂ ಕವರಿಗೆ ಹಾಕುತ್ತಿದ್ದೆ.

ಆಮೇಲೆ ಅವಳು ಮೆಟ್ಟಿಲು ಹತ್ತುವುದನ್ನೇ ಬಿಟ್ಟಳು. ಕೆಳಗೆ ರಸ್ತೆಯಲ್ಲಿ ನಿಂತು "ತಮ್ಮಾ" ಅಂತ ಕೂಗುತ್ತಿದ್ದಳು. ನಾನೇ ಇಳಿದು ಹೋಗಿ ಮಾತ್ರೆಯನ್ನು ಅವಳ ಕೈಗೆ ಕೊಟ್ಟು ಬರುತ್ತಿದ್ದೆ. ಪಕ್ಕದ ಹೋಟೆಲಿನವರು ನೋಡಿ, ಗಿರಾಕಿ ಅಂದರೆ ಹೀಗೆ ನೋಡಿಕೊಳ್ಳಬೇಕು ಅಂತ ಮೆಚ್ಚಿದರು. ನನಗೂ ಒಳಗೊಳಗೇ ಹೆಮ್ಮೆ.

ಅಷ್ಟರಲ್ಲಿ ಕೊರೊನಾ ಬಂತು. ಅಕ್ಕನ ಮಾತ್ರೆಗೆ ಎಲ್ಲಿಲ್ಲದ ಬೇಡಿಕೆ ಬಂತು. ಕೊರೊನಾಕ್ಕೆ ಇದೇ ಮದ್ದಂತೆ ಅಂತ ಟೀವಿಯಲ್ಲಿ ಹೆಸರು ಕೇಳಿದ್ದೇ ತಡ, ಕೆಮ್ಮು ನೆಗಡಿ ಇಲ್ಲದವರೂ ಬಂದು ಎರಡು ಶೀಟು ಕೊಡಿ, ನಾಲ್ಕು ಶೀಟು ಕೊಡಿ ಅಂತ ಮುಗಿಬಿದ್ದರು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲಿ ಫೋನು ಮಾಡಿದರೂ ಸರಕಿಲ್ಲ. ನನ್ನ ಹತ್ತಿರ ಒಂದು ಡಬ್ಬಿ ಉಳಿದಿತ್ತು. ಅದನ್ನು ಗ್ಲೂಕೋಸ್ ಪೊಟ್ಟಣಗಳ ಹಿಂದೆ ಬಚ್ಚಿಟ್ಟೆ. ಬೇಕಾದವರು ಬಂದು ಕೇಳಿದರೂ, ಪರಿಚಯದ ಅಧಿಕಾರಿಯೊಬ್ಬರು ಕೇಳಿದರೂ, ಇಲ್ಲ ಎಂದೆ. ಅದು ಅಕ್ಕನಿಗೆ. ಲಾಕ್‌ಡೌನಿನಲ್ಲಿ ಅವಳು ಬರಲಾಗದೆ ಹೋದಾಗ ನಾನೇ ಸ್ಕೂಟರಿನಲ್ಲಿ ಅವಳ ಹಟ್ಟಿಗೆ ಹೋಗಿ ಕೊಟ್ಟು ಬಂದೆ. ಜಗಲಿಯ ಮೇಲೆ ಕೂತಿದ್ದವಳು ಏಳಲು ಎರಡು ಸಲ ಪ್ರಯತ್ನಿಸಿ, ಆಗದೆ, ಕೂತಲ್ಲಿಂದಲೇ ಕೈ ಮುಗಿದಳು. ಮುಗಿದ ಕೈ ಎದೆಯ ಮಟ್ಟಕ್ಕಿಂತ ಮೇಲೆ ಬರಲಿಲ್ಲ. ತಲೆ ಕೆದರಿತ್ತು. "ತುರುಬು ಕಟ್ಕಳಕ್ಕೂ ಕೈ ಏಳಲ್ಲ ಕಣ್ ತಮ್ಮ. ಸೊಸೆ ಕಟ್ತಾಳೆ" ಅಂದಳು. ನಾನು ಧೈರ್ಯ ಹೇಳಿ ಬಂದೆ.

ಇಷ್ಟು ವರ್ಷ ಕಳೆದ ಮೇಲೂ ನನಗೆ ತಡೆಯಲಾಗದ ಯೋಚನೆ ಇದೊಂದು. ಆ ಡಬ್ಬಿಯನ್ನು ನಾನು ಬಚ್ಚಿಡದೆ, ಕೇಳಿದವರಿಗೆ ಕೊಟ್ಟು ಖಾಲಿ ಮಾಡಿದ್ದರೆ? ಆ ಕೆಲವು ತಿಂಗಳು ಅಕ್ಕನಿಗೆ ಮಾತ್ರೆ ಸಿಗದೆ ಹೋಗಿದ್ದರೆ? ಬಲ ತಾನಾಗಿ ಸ್ವಲ್ಪ ಮರಳುತ್ತಿತ್ತೋ ಏನೋ. ಯಾರಿಗಾದರೂ ಅನುಮಾನವಾದರೂ ಬರುತ್ತಿತ್ತು. ನನ್ನ ಇಡೀ ಜನ್ಮದಲ್ಲಿ ಒಬ್ಬರಿಗೋಸ್ಕರ ಅಷ್ಟು ಕಷ್ಟಪಟ್ಟದ್ದು ಅದೊಂದೇ ಸಲ...

ಮುಂದಿನ ಸೊಪ್ಪಿನ ಕಾಲಕ್ಕೆ ಅಕ್ಕ ಬ್ಯಾರನ್ನಿಗೆ ಹೋದಳು. ಹೋಗಬೇಡ ಅಂದರೆ ಕೇಳುವವಳಲ್ಲ. ಕಟ್ಟುವುದು ಹೇಗೋ ನಡೆಯಿತು, ಬೆರಳು ಚೆನ್ನಾಗಿಯೇ ಇದ್ದವು. ಕಡ್ಡಿ ಎತ್ತಿಕೊಡಲು ನಿಂತಾಗ ಕೈ ಹೆಗಲಿನವರೆಗೆ ಹೋಗಿ ನಿಂತುಬಿಟ್ಟಿತಂತೆ. ಕಡ್ಡಿ ಜಾರಿ ಬಿದ್ದು, ಅದರ ಮೇಲೆ ಅವಳೂ ಬಿದ್ದಳು. ಹೆಂಗಸರು ಎತ್ತಿ ಕೂರಿಸಿದರು. ಬ್ಯಾರನ್ನಿನ ಯಜಮಾನರು ಕೆಟ್ಟವರೇನಲ್ಲ, ಮನೆಗೆ ಹೋಗಿ ಸುಧಾರಿಸಿಕೊಳ್ಳಮ್ಮ ಅಂದರು. ಗುಂಪನ್ನು ಬೇರೆಯವಳು ನಡೆಸತೊಡಗಿದಳು. ಆ ವಾರ ನನ್ನ ಅಂಗಡಿಯ ಮುಂದೆ ಯಾರೋ ಹೆಂಗಸರು ಮೇಸ್ತ್ರಿ ಅಕ್ಕನಿಗೆ ಸೋಮಾರಿತನ ಹತ್ತಿದೆ ಅಂತ ಆಡಿಕೊಳ್ಳುತ್ತಿದ್ದರು. ನಾನೂ ಹೌದೆನ್ನುವಂತೆ ನಕ್ಕೆ. ಬರೆಯಲೂ ನಾಚಿಕೆಯಾಗುತ್ತದೆ, ಆದರೆ ನಕ್ಕದ್ದು ನಿಜ.

ಕೊನೆಗೆ ಅವಳ ಸೊಸೆ ಮೈಸೂರಿನ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಅಕ್ಕನನ್ನು ಕೂರಿಸಿ, ಏಳಿಸಿ, ಕೈ ಎತ್ತಿಸಿ ನೋಡಿ, "ಏನೇನು ಮಾತ್ರೆ ತಗೊಳ್ತೀರಿ, ಎಲ್ಲ ತೋರಿಸಿ" ಅಂದರಂತೆ. ಅಕ್ಕ ಎಲೆಅಡಿಕೆ ಚೀಲ ಬೋರಲು ಹಾಕಿದಳು. ಕತ್ತರಿಸಿದ ಶೀಟಿನ ತುಂಡುಗಳು ಮೇಜಿನ ತುಂಬ ಬಿದ್ದವು. ಸ್ನಾಯುವಿನ ಪರೀಕ್ಷೆಗಳನ್ನೂ ಮಾಡಿಸಿದರು. ಈ ಮಾತ್ರೆಯನ್ನು ವರ್ಷಗಟ್ಟಲೆ ಡಾಕ್ಟರಿಗೆ ತೋರಿಸದೆ ತಿಂದರೆ ಅಪರೂಪಕ್ಕೆ ಕೆಲವರಲ್ಲಿ ಹೆಗಲು, ತೊಡೆಗಳ ಸ್ನಾಯು ಹೀಗೆ ಸೊರಗುತ್ತದೆ, ಇವರಿಗೆ ಆಗಿರುವುದೂ ಅದೇ ಎಂದು ಹೇಳಿ ಆ ದಿನವೇ ನಿಲ್ಲಿಸಿದರು.

ಇದನ್ನೆಲ್ಲ ನನಗೆ ಹೇಳಿದವಳು ಆ ಸೊಸೆ. ಡಿಸ್ಚಾರ್ಜ್ ಕಾಗದವನ್ನು ಕೌಂಟರಿನ ಮೇಲಿಟ್ಟು, "ಅಣ್ಣಾ, ಆ ಬಿಳಿ ಮಾತ್ರೆ ಇನ್ಮೇಲೆ ಅತ್ತೆಗೆ ಕೊಡ್ಬ್ಯಾಡಿ ಅಂದವ್ರೆ" ಅಂದಳು. ಕಾಗದವನ್ನು ಪೂರ್ತಿ ಓದಿದೆ. ಅವಳು ಇನ್ನೇನೂ ಕೇಳಿರಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು ಇದು: "ಡಾಕ್ಟ್ರು ಬರೆದಿದ್ದನ್ನೇ ಕಣಮ್ಮ ನಾನು ಕೊಟ್ಟಿದ್ದು. ಚೀಟಿ ಇತ್ತು."

"ನಿಮ್ಮನ್ನ ಯಾರೂ ಏನೂ ಅಂದಿಲ್ಲ ಕಣಣ್ಣ" ಅಂದಳು ಆ ಹುಡುಗಿ. "ಎಲ್ಲಿಂದ ತಂದ್ರಿ ಇಷ್ಟೊಂದು ಅಂತ ಡಾಕ್ಟ್ರಮ್ಮ ಅತ್ತೆನ ಗದರಿದ್ರು. ಅತ್ತೆ ಅಂಗಡಿ ಹೆಸರೇ ಹೇಳ್ಲಿಲ್ಲ. ಕೊಟ್ಟೋರು ಒಳ್ಳೆಯೋರು, ಯಾರಿಗೂ ಸಿಗದೆ ಇದ್ದಾಗ ನಂಗೆ ಎತ್ತಿಟ್ಟು ಮನೆಗೇ ತಂದುಕೊಟ್ರು ಅಂದ್ರು."

ಅವಳು ಹೋದ ಮೇಲೆ ಆ ಮಾತ್ರೆಯ ಡಬ್ಬಿ ತೆಗೆದೆ. ಒಳಗೆ ಕಂಪನಿಯವರು ಮಡಿಸಿ ಇಟ್ಟಿರುವ ತೆಳ್ಳನೆಯ ಹಾಳೆ ಇರುತ್ತದೆ. ಆ ಹಾಳೆಗಳನ್ನು ನಾನು ಬಿಡಿ ಮಾತ್ರೆ ಕಟ್ಟಿಕೊಡಲು ಬಳಸುತ್ತಿದ್ದೆ, ಒಂದನ್ನೂ ಬಿಡಿಸಿ ಓದಿದವನಲ್ಲ. ಅಂದು ಕನ್ನಡಕ ಹಾಕಿಕೊಂಡು ಓದಿದೆ. ಬಹುಕಾಲ ತಿನ್ನುವವರ ಸ್ನಾಯುಗಳ ಬಲವನ್ನು ಆಗಾಗ ಪರೀಕ್ಷಿಸಬೇಕು, ಬಲ ಕುಂದಿದರೆ ಮಾತ್ರೆ ನಿಲ್ಲಿಸಬೇಕು ಎಂದು ಬರೆದಿತ್ತು. ಎರಡು ಸಾಲು ಕೆಳಗೆ ಹೃದಯದ ಸ್ನಾಯುವಿಗೂ ತೊಂದರೆಯಾಗಬಹುದು ಎಂದಿತ್ತು. ಹಾಳೆಯನ್ನು ಮಡಿಸಿ ಮತ್ತೆ ಡಬ್ಬಿಯೊಳಗೇ ಇಟ್ಟೆ.

ಅಕ್ಕನನ್ನು ನೋಡಲು ನಾನು ಹೋಗಲಿಲ್ಲ. ಇವತ್ತು ಜನ ಜಾಸ್ತಿ, ನಾಳೆ ಹೋಗೋಣ... ಹೀಗೆ ತಿಂಗಳುಗಳು ಕಳೆದವು. ಒಂದು ಬೆಳಗ್ಗೆ ಅವಳೇ ಬಂದಳು. ಆಟೋದಿಂದ ಇಳಿದು ಕೋಲೂರಿಕೊಂಡು ಮೆಟ್ಟಿಲ ಕೆಳಗೆ ನಿಂತು "ತಮ್ಮಾ" ಅಂದಳು. ಇಳಿದು ಹೋದೆ. ಮುಖದಲ್ಲಿ ಕಳೆ ಬಂದಿತ್ತು. "ನೋಡು ಈಗ" ಅಂತ ಕೋಲನ್ನು ಮೆಟ್ಟಿಲಿಗೆ ಒರಗಿಸಿ ಎರಡೂ ಕೈ ಎತ್ತಿ ತೋರಿಸಿದಳು. ಕೈಗಳು ಕಿವಿಯವರೆಗೆ ಬಂದವು, ಅಲ್ಲಿಂದ ಮೇಲೆ ಹೋಗಲಿಲ್ಲ. "ಇಷ್ಟಾಗೈತೆ. ತುರುಬು ನಾನೇ ಕಟ್ಕತೀನಿ. ಕಡ್ಡಿ ಎತ್ತಕ್ಕೆ ಇನ್ನು ಆಗಕಿಲ್ಲ ಬುಡು."

ಈಗ ಹೇಳಿಬಿಡಬೇಕು ಅಂದುಕೊಂಡೆ. ಅಕ್ಕ, ತಪ್ಪು ನನ್ನದು, ಮೂರು ತಿಂಗಳು ಅಂತ ಬರೆದಿದ್ದು ನನಗೆ ಗೊತ್ತಿತ್ತು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಮಾತು ಕೂಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳೇ ಕೇಳಿದಳು: "ಬೆರಳು ಮತ್ತೆ ಹಿಡ್ಕತಾವೆ ಕಣ್ ತಮ್ಮ. ಡಾಕ್ಟ್ರಮ್ಮ ಬರೆದಿರೋದು ಸಾಲ್ತಿಲ್ಲ. ನೀನೇ ಏನಾರ ಒಳ್ಳೇದು ನೋಡಿ ಕೊಡು."

ಅವಳಿಗೆ ಇನ್ನೂ ನನ್ನ ಮೇಲೇ ನಂಬಿಕೆ. ನಾನು ಅವಳ ಕೈಯನ್ನೇ ನೋಡುತ್ತ, "ಇಲ್ಲಕ್ಕ, ಅಲ್ಲಿಗೇ ಹೋಗಿ ತೋರ್ಸು" ಅಂದೆ. "ಅಯ್ಯೋ, ನೀನೂ ಅಂಗೇ ಅಂತೀಯಲ್ಲ" ಅಂತ ಪೆಚ್ಚಾದಳು. ಮೇಲೆ ಯಾರೋ ಗಿರಾಕಿ ಕೂಗಿದರು. ಬಚಾವಾದವನ ಹಾಗೆ ಮೆಟ್ಟಿಲು ಹತ್ತಿಬಿಟ್ಟೆ. ತಿರುಗಿ ನೋಡುವಷ್ಟರಲ್ಲಿ ಆಟೋ ಹೋಗಿತ್ತು.

ಅದಾದ ಮೇಲೆ ಒಂದು ದಿನ ಊರಿನ ವೆಲ್ಡಿಂಗಿನವನನ್ನು ಕರೆಸಿ ಮೆಟ್ಟಿಲಿಗೆ ಕಬ್ಬಿಣದ ಕಂಬಿ ಹಾಕಿಸಿದೆ. ಬಾಯಲ್ಲಿ ಹೇಳಲಾಗದ್ದನ್ನು ಕಂಬಿಯಲ್ಲಿ ಹೇಳಬಹುದು ಅಂದುಕೊಂಡೆನೋ ಏನೋ. ಮುಂದಿನ ಸಲ ಅಕ್ಕ ಬಂದಾಗ ಇದನ್ನು ಹಿಡಿದು ಹತ್ತುತ್ತಾಳೆ, ಒಳಗೆ ಸ್ಟೂಲಿನ ಮೇಲೆ ಕೂರಿಸಿ ಎಲ್ಲ ಹೇಳಿಬಿಡುತ್ತೇನೆ ಅಂತ ನಿಶ್ಚಯ ಮಾಡಿದ್ದೆ. ಕಂಬಿಗೆ ಹಸಿರು ಬಣ್ಣವನ್ನೂ ಬಳಿಸಿದೆ.

ಅವಳು ಬರಲಿಲ್ಲ. ಕೋಟೆ ತಾಲ್ಲೂಕಿನ ಎನ್. ಬೇಗೂರಿನಲ್ಲಿರುವ ಮಗಳ ಮನೆಗೆ ಹೋದಳು ಅಂತ ಕೇಳಿದೆ. ವರ್ಷ ತುಂಬುವ ಮೊದಲೇ ಸೊಸೆ ಅಂಗಡಿಗೆ ಬಂದು, ಮಗುವಿನ ಜ್ವರಕ್ಕೆ ಸಿರಪ್ಪು ತೆಗೆದುಕೊಳ್ಳುತ್ತ ಹೇಳಿದಳು, ಅತ್ತೆ ಹೋಗಿಬಿಟ್ಟರು, ಎದೆ ಹಿಡಿದುಕೊಂಡಿತಂತೆ, ಆಸ್ಪತ್ರೆಗೆ ಸಾಗಿಸಲೂ ಆಗಲಿಲ್ಲವಂತೆ. ನನಗೆ ಆ ಹಾಳೆಯಲ್ಲಿದ್ದ ಹೃದಯದ ಸ್ನಾಯುವಿನ ಸಾಲು ನೆನಪಾಯಿತು. ಆ ವಯಸ್ಸಿನಲ್ಲಿ ಎದೆನೋವು ಯಾರಿಗಾದರೂ ಬರಬಹುದು. ಮಾತ್ರೆ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲದಿರಬಹುದು, ಇರಲೂಬಹುದು. ಯಾರನ್ನಾದರೂ ಕೇಳಿ ತಿಳಿಯಬಹುದಿತ್ತು. ನಾನು ಕೇಳಲಿಲ್ಲ.

ಅಲ್ಲೇ ಮಣ್ಣು ಮಾಡಿದ್ದರಿಂದ ಹನ್ನೊಂದನೆಯ ದಿನದ ಕಾರ್ಯವೂ ಬೇಗೂರಿನಲ್ಲೇ ಇತ್ತು. ಹೋಗಲೇಬೇಕೆಂದು ಅಂಗಡಿಗೆ ಬೀಗ ಹಾಕಿ ಹೊರಟೆ. ಹುಣಸೂರಿನಲ್ಲಿ ಬಸ್ಸು ಬದಲಿಸಿ ಕೋಟೆಗೆ ಹೋದೆ. ಬಸ್ ನಿಲ್ದಾಣದಲ್ಲಿ ಬೇಗೂರಿನ ಕಡೆಯ ಬಸ್ಸು ನಿಂತಿತ್ತು. ಅಲ್ಲಿಗೆ ಹೋದರೆ ಎಲ್ಲರೂ ನನಗೆ ಮಣೆ ಹಾಕಿ ಕೂರಿಸುತ್ತಾರೆ, ಕೊರೊನಾದಲ್ಲಿ ಮನೆಗೇ ಮಾತ್ರೆ ತಂದುಕೊಟ್ಟ ಪುಣ್ಯಾತ್ಮ ಇವರೇ ಅಂತ ನೆಂಟರಿಗೆಲ್ಲ ತೋರಿಸುತ್ತಾರೆ, ನಾನು ತಲೆ ತಗ್ಗಿಸಿ ಎಡೆಯ ಊಟ ಮಾಡಬೇಕು... ಒಂದು ಟೀ ಕುಡಿದೆ. ಬಸ್ಸು ಹೊರಟುಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಹುಣಸೂರಿನ ಬಸ್ಸು ಹತ್ತಿ ವಾಪಸು ಬಂದು ಅಂಗಡಿಯ ಬೀಗ ತೆಗೆದೆ.

ಹೋದ ವಾರದ ಆ ಹೆಂಗಸನ್ನು ನಾನು ಕೇಳಿದೆ, "ಇದನ್ನ ಬರೆದುಕೊಟ್ಟಿದ್ದು ಯಾರಮ್ಮ? ಡಾಕ್ಟ್ರಿಗೆ ತೋರಿಸಿ ಎಷ್ಟು ದಿನ ಆಯ್ತು?"

"ಮಾತ್ರೆ ಕೇಳಿದ್ರೆ ಜಾತಕ ಕೇಳ್ತೀರಲ್ಲ ನೀವು" ಅಂದರು ಅವರು. ಈಗೀಗ ಬಹಳ ಜನ ಹಾಗೇ ಅನ್ನುತ್ತಾರೆ, ಎದುರಿನ ಅಂಗಡಿಗೆ ಹೋಗುತ್ತಾರೆ. ಇವರು ಹೋಗಲಿಲ್ಲ. ಸರ್ಕಾರಿ ಆಸ್ಪತ್ರೆ ಇಲ್ಲೇ ಹತ್ತಿರ, ತೋರಿಸಿಕೊಂಡು ಬನ್ನಿ, ನಾನು ಕಾದಿರುತ್ತೇನೆ ಎಂದು ಎರಡು ಮೂರು ಸಲ ಹೇಳಿದ ಮೇಲೆ ಗೊಣಗುತ್ತಲೇ ಹೊರಟರು. ಕಂಬಿ ಹಿಡಿದು ನಿಧಾನವಾಗಿ ಇಳಿದರು. ಕೆಳಗೆ ನಿಂತು, ಸೊಪ್ಪಿನ ಜಿಗುಟು ಮೆತ್ತಿದ ಕೈಯಿಂದ ಆ ಕಂಬಿಯನ್ನೊಮ್ಮೆ ತಟ್ಟಿ ನನ್ನತ್ತ ನೋಡಿದರು.

"ಇದೊಂದು ಒಳ್ಳೇ ಕೆಲ್ಸ ಮಾಡ್ಸಿದ್ರಿ ಕಣ್ರೀ. ಕೈಲಾಗದೋರ ಕಷ್ಟ ತಿಳಿದೋರು ನೀವು" ಅಂದರು.

ನಾನು ಅವರನ್ನೂ ತಿದ್ದಲಿಲ್ಲ. ಹ್ಞೂಂ ಅಂದೆ.